ಲ್ಯಾಟಿನೊ ಸಮುದಾಯಗಳ ಸೇವಾ ಸಂಸ್ಥೆಗಳಿಗೆ ಅಮೆರಿಕದಲ್ಲಿ ಅನುದಾನ: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾಲಿಫೋರ್ನಿಯಾ, ಟೆಕ್ಸಸ್, ನ್ಯೂಜೆರ್ಸಿಗಳಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಹಲವರು ನೆರೆಹೊರೆಯ ಸೇವಾ ಸಂಸ್ಥೆಗಳಲ್ಲಿ ಕೈಜೋಡಿಸುತ್ತಾರೆ. ಕೆಲವರು ಖಜಾಂಚಿ, ಕೆಲವರು ಮಂಡಳಿ ಸದಸ್ಯರು, ಇನ್ನು ಕೆಲವರು ಶನಿವಾರದ ಸ್ವಯಂಸೇವಕರು. ಇಂಥ ಊರುಗಳಲ್ಲಿ ಸಂಸ್ಥೆಯ ಬಾಗಿಲಿಗೆ ಬರುವವರಲ್ಲಿ ಲ್ಯಾಟಿನೊ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ, ಕುಟುಂಬಗಳು ಬಹಳ. ಲೆಕ್ಕ ಬಲ್ಲವರು ಎಂಬ ಕಾರಣಕ್ಕೆ "ಗ್ರಾಂಟ್ ಅರ್ಜಿ ನೀವೇ ಸ್ವಲ್ಪ ನೋಡಿ" ಎಂಬ ಮಾತು ಕೊನೆಗೆ ನಮ್ಮವರ ಹೆಗಲಿಗೇ ಬರುತ್ತದೆ. ಹಾಗೆ ಹೆಗಲು ಕೊಟ್ಟವರು ಕೇಳುವ ಪ್ರಶ್ನೆಗಳು ಇಲ್ಲಿವೆ. ನಿಯಮಗಳು 2025ರ ಕೊನೆಯವರೆಗಿನವು.

ಹಿಸ್ಪ್ಯಾನಿಕ್, ಲ್ಯಾಟಿನೊ, ಲ್ಯಾಟಿನೆಕ್ಸ್: ಅರ್ಜಿಯಲ್ಲಿ ಯಾವ ಪದ ಬರೆಯಬೇಕು?

ಅನುದಾನ ಕೊಡುವವರು ತಮ್ಮ ಪ್ರಕಟಣೆಯಲ್ಲಿ ಯಾವ ಪದ ಬಳಸಿದ್ದಾರೋ ಅದನ್ನೇ ಬಳಸಿ. ಜನಗಣತಿ ಮತ್ತು ಫೆಡರಲ್ ಕಾಗದಗಳಲ್ಲಿ "ಹಿಸ್ಪ್ಯಾನಿಕ್ ಅಥವಾ ಲ್ಯಾಟಿನೊ" ಎಂದೇ ಇರುತ್ತದೆ. ಎರಡೂ ಒಂದೇ ಅಲ್ಲ ಎಂಬುದು ಗೊತ್ತಿರಲಿ. ಬ್ರೆಜಿಲ್‌ನವರು ಪೋರ್ಚುಗೀಸ್ ಮಾತಾಡುವ ಲ್ಯಾಟಿನೊಗಳು, ಹಿಸ್ಪ್ಯಾನಿಕ್ ಅಲ್ಲ. ಸ್ಪೇನ್‌ನವರು ಹಿಸ್ಪ್ಯಾನಿಕ್, ಲ್ಯಾಟಿನೊ ಅಲ್ಲ. "ಲ್ಯಾಟಿನೆಕ್ಸ್" ಗಂಡು-ಹೆಣ್ಣಿನ ಭೇದವಿಲ್ಲದ ರೂಪ, ವಿಶ್ವವಿದ್ಯಾಲಯ ಮತ್ತು ಫೌಂಡೇಶನ್‌ಗಳ ವಲಯದಲ್ಲಿ ಹೆಚ್ಚು ಬಳಕೆಯಾದ ಪದ. ಸಮೀಕ್ಷಾ ಸಂಸ್ಥೆ ಪ್ಯೂ ರಿಸರ್ಚ್ 2023ರಲ್ಲಿ ಕೇಳಿದಾಗ ತಮ್ಮನ್ನು ಹಾಗೆ ಕರೆದುಕೊಳ್ಳುವವರು ಶೇ. 4 ಮಾತ್ರ. ನಿಮ್ಮ ಕೇಂದ್ರಕ್ಕೆ ಬರುವ ಅಜ್ಜಿ ತನ್ನನ್ನು "ಮೆಕ್ಸಿಕಾನಾ" ಎಂದೋ "ಸಾಲ್ವಡೋರೆನ್ಯಾ" ಎಂದೋ ಹೇಳಿಕೊಂಡಾಳು. ಅರ್ಜಿಯ ವಿವರಣೆಯಲ್ಲಿ ಆ ದೇಶದ ಹೆಸರನ್ನೂ ಬರೆದರೆ, ನೀವು ಆ ಜನರನ್ನು ನಿಜವಾಗಿ ಬಲ್ಲವರು ಎಂಬುದು ಓದುವವರಿಗೆ ತಿಳಿಯುತ್ತದೆ.

ಲ್ಯಾಟಿನೊ ಸಂಸ್ಥೆಗಳಿಗೆಂದೇ ಹಣ ಕೊಡುವವರು ಯಾರು?

ಕೆಲವರಿದ್ದಾರೆ, ಹೆಚ್ಚಿಲ್ಲ. 1983ರಲ್ಲಿ ಶುರುವಾದ ಹಿಸ್ಪ್ಯಾನಿಕ್ಸ್ ಇನ್ ಫಿಲಾಂಥ್ರಪಿ ಫೌಂಡೇಶನ್‌ಗಳನ್ನು ಒಟ್ಟುಗೂಡಿಸಿ ಹಣ ಹಂಚುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಲ್ಯಾಟಿನೊ ಕಮ್ಯುನಿಟಿ ಫೌಂಡೇಶನ್ ಇದೆ. ಅದರ "ಗಿವಿಂಗ್ ಸರ್ಕಲ್" ಗುಂಪುಗಳಲ್ಲಿ ಸಾಮಾನ್ಯ ಜನರೇ ಸ್ವಲ್ಪಸ್ವಲ್ಪ ಹಣ ಹಾಕಿ, ಒಟ್ಟಾಗಿ ಕೂತು ಯಾರಿಗೆ ಕೊಡುವುದೆಂದು ತೀರ್ಮಾನಿಸುತ್ತಾರೆ. ನ್ಯೂಯಾರ್ಕ್‌ನ ಹಿಸ್ಪ್ಯಾನಿಕ್ ಫೆಡರೇಶನ್ 1990ರದು. 1968ರಲ್ಲಿ ಹುಟ್ಟಿ, ಬಹುಕಾಲ ನ್ಯಾಷನಲ್ ಕೌನ್ಸಿಲ್ ಆಫ್ ಲಾ ರಾಸಾ ಎಂಬ ಹೆಸರಿದ್ದು, 2017ರಲ್ಲಿ ಯುನಿಡೋಸ್‌ಯುಎಸ್ ಆದ ಸಂಸ್ಥೆ ದೊಡ್ಡ ಅನುದಾನಗಳನ್ನು ತಾನು ಪಡೆದು ತನ್ನ ಅಂಗಸಂಸ್ಥೆಗಳಿಗೆ ಪಾಲು ಕೊಡುತ್ತದೆ. ಹಾಗಾಗಿ ಅಲ್ಲಿ ಮೊದಲ ಹೆಜ್ಜೆ ಅರ್ಜಿಯಲ್ಲ, ಸದಸ್ಯತ್ವ.

2020ರ ಜನಗಣತಿಯಂತೆ ಹಿಸ್ಪ್ಯಾನಿಕ್ ಜನ 6.21 ಕೋಟಿ, ದೇಶದ ಜನಸಂಖ್ಯೆಯ ಶೇ. 18.7. ಆದರೆ ಫೌಂಡೇಶನ್‌ಗಳ ಹಣದಲ್ಲಿ "ಲ್ಯಾಟಿನೊ ಸಮುದಾಯಕ್ಕೆ" ಎಂದು ಸ್ಪಷ್ಟವಾಗಿ ಹೆಸರಿಸಿ ಕೊಟ್ಟದ್ದು ಶೇ. 1ರ ಆಸುಪಾಸು ಎಂದು ಹಿಸ್ಪ್ಯಾನಿಕ್ಸ್ ಇನ್ ಫಿಲಾಂಥ್ರಪಿ ವರ್ಷಗಳಿಂದ ಹೇಳುತ್ತಿದೆ. ಇದು ಅನ್ಯಾಯ ಹೌದು. ಹುಡುಕುವವರಿಗೆ ಇದರಲ್ಲೇ ದಾರಿಯೂ ಇದೆ: "ಲ್ಯಾಟಿನೊ" ಎಂಬ ಪದ ಹಾಕಿ ಹುಡುಕಿದರೆ ಸಣ್ಣ ಕೊಳ ಸಿಗುತ್ತದೆ, ಅದರ ಸುತ್ತ ನೂರಾರು ಬಿಂದಿಗೆಗಳು. ದೊಡ್ಡ ಕೆರೆಗಳಿಗೆ ಬೇರೆ ಹೆಸರುಗಳಿವೆ.

ಯಾವ ಹೆಸರುಗಳು?

ನಿಮ್ಮ ಸಂಸ್ಥೆ ಮಾಡುವ ಕೆಲಸದ ಹೆಸರು, ನಿಮ್ಮ ಊರಿನ ಹೆಸರು. ಹೆಚ್ಚಿನವರು ಗಮನಿಸದ ನಾಲ್ಕು ಮೂಲಗಳನ್ನು ನೋಡಿ.

ಮೊದಲನೆಯದು ನಗರಸಭೆ ಅಥವಾ ಕೌಂಟಿ. ಫೆಡರಲ್ ವಸತಿ ಇಲಾಖೆಯ ಕಮ್ಯುನಿಟಿ ಡೆವಲಪ್‌ಮೆಂಟ್ ಬ್ಲಾಕ್ ಗ್ರಾಂಟ್ ಹಣ ನೇರವಾಗಿ ನಗರಗಳಿಗೆ ಬರುತ್ತದೆ. ಅದರಲ್ಲಿ ಸಾಮಾನ್ಯವಾಗಿ ಶೇ. 15ರ ಮಿತಿಯೊಳಗೆ "ಸಾರ್ವಜನಿಕ ಸೇವೆ"ಗೆ ಕೊಡಬಹುದು. ಮಕ್ಕಳ ಆರೈಕೆ, ಉದ್ಯೋಗ ತರಬೇತಿ, ಬಾಡಿಗೆದಾರರ ಸಲಹೆ ಎಲ್ಲ ಇದರಡಿ ಬರುತ್ತವೆ. ಹಣ ಹಂಚುವ ಮೊದಲು ನಗರ ಬಹಿರಂಗ ಸಭೆ ಕರೆಯಲೇಬೇಕು. ಅರ್ಜಿ ಕರೆದ ಮೇಲೆ ಓಡಿಹೋಗುವುದಕ್ಕಿಂತ, ಅದಕ್ಕೂ ಮೊದಲಿನ ಆ ಸಭೆಗೆ ನಾಲ್ಕು ತಾಯಂದಿರನ್ನು ಕರೆದುಕೊಂಡು ಹೋಗಿ ಮಾತಾಡಿಸುವುದು ಮೇಲು. ಆದ್ಯತೆಯ ಪಟ್ಟಿ ತಯಾರಾಗುವುದು ಅಲ್ಲೇ.

ಎರಡನೆಯದು ಆಸ್ಪತ್ರೆ. ತೆರಿಗೆ ವಿನಾಯಿತಿ ಇರುವ ಪ್ರತಿ ಲಾಭರಹಿತ ಆಸ್ಪತ್ರೆಯೂ 3 ವರ್ಷಕ್ಕೊಮ್ಮೆ ತನ್ನ ಪ್ರದೇಶದ ಆರೋಗ್ಯದ ಅಗತ್ಯಗಳ ಸಮೀಕ್ಷೆ ಮಾಡಿ ಸಾರ್ವಜನಿಕವಾಗಿ ಪ್ರಕಟಿಸಬೇಕು, ಆ ಅಗತ್ಯಗಳಿಗೆ ಏನು ಮಾಡುತ್ತೇವೆಂಬ ಯೋಜನೆಯನ್ನೂ ಬರೆಯಬೇಕು. ಆ ವರದಿಯಲ್ಲಿ "ಸ್ಪ್ಯಾನಿಷ್ ಮಾತಾಡುವವರಲ್ಲಿ ಮಧುಮೇಹ" ಎಂಬ ಸಾಲು ಇದ್ದರೆ, ನಿಮ್ಮ ಅರ್ಜಿಯ ಮೊದಲ ವಾಕ್ಯವನ್ನು ಅವರೇ ಬರೆದುಕೊಟ್ಟಂತೆ. ಪುಟ ಸಂಖ್ಯೆ ಸಮೇತ ಉಲ್ಲೇಖಿಸಿ.

ಮೂರನೆಯದು ಬ್ಯಾಂಕ್. 1977ರ ಕಮ್ಯುನಿಟಿ ರೀಇನ್ವೆಸ್ಟ್‌ಮೆಂಟ್ ಕಾಯ್ದೆಯಡಿ (ಸಿಆರ್‌ಎ), ಕಡಿಮೆ ಆದಾಯದ ಬಡಾವಣೆಗಳಿಗೆ ಏನು ಮಾಡಿದ್ದಾರೆಂದು ಬ್ಯಾಂಕುಗಳನ್ನು ಅಳೆಯುತ್ತಾರೆ. ಆರ್ಥಿಕ ಸಾಕ್ಷರತೆ, ಮನೆ ಕೊಳ್ಳುವ ಸಲಹೆ, ಸಣ್ಣ ವ್ಯಾಪಾರದ ತರಬೇತಿಗೆ 5,000 ಡಾಲರ್‌ನಿಂದ ಶುರುವಾಗುವ ಸಣ್ಣ ಅನುದಾನಗಳನ್ನು ಹಲವು ಬ್ಯಾಂಕುಗಳು ಕೊಡುತ್ತವೆ. ಸ್ಥಳೀಯ ಶಾಖೆಯ ಮ್ಯಾನೇಜರ್ ಬದಲು "ಸಿಆರ್‌ಎ ಅಧಿಕಾರಿ" ಯಾರೆಂದು ಕೇಳಿ.

ನಾಲ್ಕನೆಯದು ಫೆಡರಲ್ ತೆರಿಗೆ ಇಲಾಖೆಯೇ, ಅಂದರೆ ಐಆರ್‌ಎಸ್. ವೀಟಾ ಕಾರ್ಯಕ್ರಮದಲ್ಲಿ ಕಡಿಮೆ ಆದಾಯದವರ ತೆರಿಗೆ ಅರ್ಜಿಯನ್ನು ಉಚಿತವಾಗಿ ತುಂಬಿಕೊಡುವ ಸಂಸ್ಥೆಗಳಿಗೂ, ತೆರಿಗೆ ವ್ಯಾಜ್ಯಗಳಲ್ಲಿ ನೆರವಾಗುವ ಕ್ಲಿನಿಕ್‌ಗಳಿಗೂ ಐಆರ್‌ಎಸ್ ಅನುದಾನ ಕೊಡುತ್ತದೆ. ಎರಡರಲ್ಲೂ ಅವರು ಕೊಡುವ ಪ್ರತಿ ಡಾಲರ್‌ಗೆ ಒಂದು ಡಾಲರ್‌ನಂತೆ ನಿಮ್ಮ ಪಾಲನ್ನು ನೀವು ತೋರಿಸಬೇಕು. ಆ ಪಾಲಿನಲ್ಲಿ ಸ್ವಯಂಸೇವಕರ ಸಮಯದಂಥ ವಸ್ತುರೂಪದ ಕೊಡುಗೆಯನ್ನೂ ಲೆಕ್ಕ ಹಾಕಬಹುದು, ಹಾಜರಿ ಪುಸ್ತಕ ಸರಿಯಾಗಿದ್ದರೆ. ಲೆಕ್ಕ ಬಲ್ಲ ಕನ್ನಡಿಗ ಸ್ವಯಂಸೇವಕರಿಗೆ ಇದಕ್ಕಿಂತ ಒಪ್ಪುವ ಕೆಲಸ ಇನ್ನೊಂದಿಲ್ಲ.

ಕೃಷಿ ಕಾರ್ಮಿಕರ ಊರುಗಳಲ್ಲಿ ಇವುಗಳ ಜೊತೆಗೆ ಕಾರ್ಮಿಕ ಇಲಾಖೆಯ ನ್ಯಾಷನಲ್ ಫಾರ್ಮ್‌ವರ್ಕರ್ ಜಾಬ್ಸ್ ಪ್ರೋಗ್ರಾಂ, ವಲಸೆ ಕಾರ್ಮಿಕರ ಮಕ್ಕಳಿಗೆ ಹೆಡ್ ಸ್ಟಾರ್ಟ್ ಎಂಬ ಶಾಲಾಪೂರ್ವ ಕಾರ್ಯಕ್ರಮ ಇವೆ. ಇವು ದೊಡ್ಡ ಸಂಸ್ಥೆಗಳ ಕೈಯಲ್ಲಿರುವ ದೊಡ್ಡ ಅನುದಾನಗಳು. ಸಣ್ಣವರು ಅವರ ಉಪಗುತ್ತಿಗೆದಾರರಾಗಿ ಸೇರಿಕೊಳ್ಳುವುದೇ ವಾಸ್ತವ.

ಹಿಸ್ಪ್ಯಾನಿಕ್-ಸರ್ವಿಂಗ್ ಇನ್‌ಸ್ಟಿಟ್ಯೂಶನ್ ಅನುದಾನ ನಮಗೆ ಸಿಗುತ್ತದೆಯೇ?

ಇಲ್ಲ. ಅದು ಕಾಲೇಜುಗಳಿಗೆ, ಪದವಿ ವಿದ್ಯಾರ್ಥಿಗಳಲ್ಲಿ ಕನಿಷ್ಠ ಶೇ. 25 ಹಿಸ್ಪ್ಯಾನಿಕ್ ಇದ್ದರೆ. ಅದರಲ್ಲೂ ಶಿಕ್ಷಣ ಇಲಾಖೆ ತನ್ನ ವಿವೇಚನೆಗೆ ಬಿಟ್ಟ ಹಣವನ್ನು 2025ರ ಸೆಪ್ಟೆಂಬರ್‌ನಲ್ಲಿ ನಿಲ್ಲಿಸುವುದಾಗಿ ಪ್ರಕಟಿಸಿತು.

ನಮ್ಮ ಗುಂಪಿಗೆ ಇನ್ನೂ 501(ಸಿ)(3), ಅಂದರೆ ತೆರಿಗೆ ವಿನಾಯಿತಿಯ ದತ್ತಿ ಸಂಸ್ಥೆಯ, ಮಾನ್ಯತೆ ಇಲ್ಲ. ಅರ್ಜಿ ಹಾಕಬಹುದೇ?

ನೇರವಾಗಿ ಹಾಕಿದರೆ ಹೆಚ್ಚಿನವರು ಓದುವುದೂ ಇಲ್ಲ. ದಾರಿ ಎರಡು.

ಮಾನ್ಯತೆ ಪಡೆಯುವುದು ಒಂದು. ರಾಜ್ಯದಲ್ಲಿ ಲಾಭರಹಿತ ನಿಗಮವಾಗಿ ನೋಂದಾಯಿಸಿ, ಇಐಎನ್ ಎಂಬ ತೆರಿಗೆ ಗುರುತಿನ ಸಂಖ್ಯೆ ಪಡೆದು, ಐಆರ್‌ಎಸ್‌ಗೆ ಫಾರ್ಮ್ 1023 ಹಾಕಬೇಕು. ಶುಲ್ಕ 600 ಡಾಲರ್. ಮುಂದಿನ 3 ವರ್ಷಗಳಲ್ಲಿ ಯಾವ ವರ್ಷವೂ ಆದಾಯ 50,000 ಡಾಲರ್ ಮೀರದು, ಆಸ್ತಿ 2.5 ಲಕ್ಷ ಡಾಲರ್ ಮೀರದು ಎಂದಿದ್ದರೆ 1023-ಇಝಡ್ ಎಂಬ ಚಿಕ್ಕ ಫಾರ್ಮ್ ಸಾಕು. ಶುಲ್ಕ 275. ಚಿಕ್ಕದು ಸುಲಭ, ಆದರೆ ಒಂದು ತೊಡಕಿದೆ. ಮುಂದಿನ ವರ್ಷ 80,000 ಡಾಲರ್‌ನ ಅನುದಾನ ತರುವ ಯೋಜನೆ ಕೈಯಲ್ಲಿ ಹಿಡಿದುಕೊಂಡೇ "50,000 ಮೀರುವುದಿಲ್ಲ" ಎಂದು ಸಹಿ ಹಾಕುವುದು ಸುಳ್ಳು ಹೇಳಿಕೆಯಾಗುತ್ತದೆ.

ಇನ್ನೊಂದು ದಾರಿ ಫಿಸ್ಕಲ್ ಸ್ಪಾನ್ಸರ್: ಮಾನ್ಯತೆ ಇರುವ ಸಂಸ್ಥೆಯೊಂದರ ಆಶ್ರಯದಲ್ಲಿ ಕೆಲಸ ಮಾಡುವುದು. ಹಣ ಅವರ ಖಾತೆಗೆ ಬರುತ್ತದೆ, ಸಾಮಾನ್ಯವಾಗಿ ಶೇ. 5ರಿಂದ 15 ಅವರು ಹಿಡಿದುಕೊಂಡು ಉಳಿದದ್ದನ್ನು ನಿಮ್ಮ ಕೆಲಸಕ್ಕೆ ಬಿಡುಗಡೆ ಮಾಡುತ್ತಾರೆ. ಕಾನೂನಿನ ಕಣ್ಣಲ್ಲಿ ಹಣ ಅವರದು. ಆದ್ದರಿಂದ ಮೂರು ವಿಷಯ ಕರಾರಿನಲ್ಲಿ ಬರೆಸಿಕೊಳ್ಳಿ: ಬಿಲ್ ಕೊಟ್ಟ ಎಷ್ಟು ದಿನಕ್ಕೆ ಹಣ ಬಿಡುಗಡೆ, ನೀವು ಬೇರೆಯಾಗುವಾಗ ಉಳಿದ ಹಣ ಯಾರಿಗೆ, ಅವರು ಮುಚ್ಚಿಹೋದರೆ ಏನು. ಈ ಮೂರನೆಯದನ್ನು ಕೇಳಲು ಸಂಕೋಚಪಟ್ಟವರೇ ಹೆಚ್ಚು ನಷ್ಟ ಅನುಭವಿಸಿದವರು.

ವರ್ಷವರ್ಷ ಏನು ಸಲ್ಲಿಸಬೇಕು? ಮರೆತರೆ?

ವಾರ್ಷಿಕ ಆದಾಯ ಸಾಮಾನ್ಯವಾಗಿ 50,000 ಡಾಲರ್ ಒಳಗಿದ್ದರೆ ಐಆರ್‌ಎಸ್‌ಗೆ 990-ಎನ್ ಎಂಬ ವಾರ್ಷಿಕ ಫಾರ್ಮ್, ಹತ್ತು ನಿಮಿಷದ ಆನ್‌ಲೈನ್ ಕೆಲಸ. ಆದಾಯ 2 ಲಕ್ಷದೊಳಗೆ ಮತ್ತು ಆಸ್ತಿ 5 ಲಕ್ಷದೊಳಗೆ ಇದ್ದರೆ 990-ಇಝಡ್. ಅದರ ಮೇಲೆ ಪೂರ್ತಿ 990. ಕ್ಯಾಲೆಂಡರ್ ವರ್ಷದ ಲೆಕ್ಕ ಇಡುವವರಿಗೆ ಗಡುವು ಮೇ 15. ಫಾರ್ಮ್ 8868 ಹಾಕಿದರೆ 6 ತಿಂಗಳು ಸಿಗುತ್ತದೆ, 990-ಎನ್‌ಗೆ ಮಾತ್ರ ಆ ಸವಲತ್ತಿಲ್ಲ.

ಸತತ 3 ವರ್ಷ ಸಲ್ಲಿಸದಿದ್ದರೆ ಮಾನ್ಯತೆ ತಾನಾಗಿಯೇ ರದ್ದು. ಹತ್ತು ನಿಮಿಷದ ಕೆಲಸ ಮರೆತು ಮಾನ್ಯತೆ ಕಳೆದುಕೊಳ್ಳುವವರು ಹೆಚ್ಚಾಗಿ ಇಂಥ ಸಣ್ಣ ಸಂಸ್ಥೆಗಳೇ. ಖಜಾಂಚಿ ಬದಲಾಗಿರುತ್ತಾರೆ, ಐಆರ್‌ಎಸ್ ಪತ್ರ ಹಳೆಯ ವಿಳಾಸಕ್ಕೆ ಹೋಗಿರುತ್ತದೆ. ವಿಳಾಸ ಬದಲಾದರೆ ಫಾರ್ಮ್ 8822-ಬಿ ಹಾಕಿ. ರಾಜ್ಯದ ದತ್ತಿ ನೋಂದಣಿ ಬೇರೆಯೇ. ಕ್ಯಾಲಿಫೋರ್ನಿಯಾದಲ್ಲಿ ಅಟಾರ್ನಿ ಜನರಲ್ ಕಚೇರಿಯ ನೋಂದಣಿಯಲ್ಲಿ ನಿಮ್ಮ ಹೆಸರಿನ ಮುಂದೆ "ಡೆಲಿಂಕ್ವೆಂಟ್" ಎಂದಿದ್ದರೆ ಹಣ ಕೊಡುವವರಿಗೆ ಅದು ಒಂದೇ ಕ್ಲಿಕ್‌ನಲ್ಲಿ ಕಾಣುತ್ತದೆ.

ಫೆಡರಲ್ ಅನುದಾನಕ್ಕೆ ಸ್ಯಾಮ್ ನೋಂದಣಿ ಎಂದರೇನು? ಎಷ್ಟು ದಿನ ಬೇಕು?

ಸ್ಯಾಮ್ ಡಾಟ್ ಗವ್ ಎಂಬ ಸರ್ಕಾರಿ ತಾಣದಲ್ಲಿ ಸಂಸ್ಥೆ ನೋಂದಾಯಿಸಿಕೊಂಡಿರಬೇಕು. ಅಲ್ಲಿ 12 ಅಕ್ಷರ-ಅಂಕಿಗಳ ಯುಇಐ ಗುರುತು ಸಿಗುತ್ತದೆ. ಹಳೆಯ ಡನ್ಸ್ ಸಂಖ್ಯೆ 2022ರ ಏಪ್ರಿಲ್‌ಗೆ ಮುಗಿಯಿತು. ಬರೀ ಯುಇಐ ಪಡೆದು "ನೋಂದಣಿ ಆಯಿತು" ಎಂದುಕೊಳ್ಳುವವರಿದ್ದಾರೆ. ಸ್ಥಿತಿ "ಆ್ಯಕ್ಟಿವ್" ಎಂದು ತೋರಿಸುವವರೆಗೆ ಆಗಿಲ್ಲ.

ಎಲ್ಲ ಸರಿಯಿದ್ದರೆ ಒಂದೆರಡು ವಾರ. ಸರಿಯಿಲ್ಲದಿದ್ದರೆ ತಿಂಗಳುಗಳು. ಸಿಕ್ಕಿಕೊಳ್ಳುವುದು ಬಹುತೇಕ ಒಂದೇ ಕಡೆ: ಹೆಸರು ಮತ್ತು ವಿಳಾಸ ಹೊಂದುವುದಿಲ್ಲ. ರಾಜ್ಯದ ನೋಂದಣಿಯಲ್ಲಿ "ಸೆಂಟ್ರೊ ... ಇಂಕ್.", ಐಆರ್‌ಎಸ್ ಪತ್ರದಲ್ಲಿ "ಇಂಕ್." ಇಲ್ಲ, ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಹಳೆಯ ಬೀದಿ. ಇಐಎನ್ ಕೊಟ್ಟಾಗ ಬಂದ ಸಿಪಿ 575 ಪತ್ರ ತೆಗೆದು, ಅದರಲ್ಲಿ ಇದ್ದಂತೆ ಅಲ್ಪವಿರಾಮವನ್ನೂ ಬಿಡದೆ ತುಂಬಿ. ಆ ಪತ್ರ ಕಳೆದಿದ್ದರೆ ಐಆರ್‌ಎಸ್‌ಗೆ ಫೋನ್ ಮಾಡಿ 147ಸಿ ಪತ್ರ ಕೇಳಿ. ಅಂಚೆಪೆಟ್ಟಿಗೆಯನ್ನು ಭೌತಿಕ ವಿಳಾಸವೆಂದು ಒಪ್ಪುವುದಿಲ್ಲ. ಪ್ರತಿ ವರ್ಷ ನವೀಕರಿಸಬೇಕು. ಗಡುವಿಗೆ 60 ದಿನ ಮೊದಲೇ ಶುರು ಮಾಡಿ.

ನೋಂದಣಿ ಪೂರ್ತಿ ಉಚಿತ. "ನಿಮ್ಮ ಸ್ಯಾಮ್ ನೋಂದಣಿ ಮುಗಿಯುತ್ತಿದೆ, 599 ಡಾಲರ್ ಕಟ್ಟಿ" ಎಂಬಂಥ ಇಮೇಲ್ ಬಂದರೆ ಅಳಿಸಿ.

ಅರ್ಜಿ ಸಲ್ಲಿಸುವುದು ಇನ್ನೊಂದು ತಾಣ, ಗ್ರಾಂಟ್ಸ್ ಡಾಟ್ ಗವ್. ಸಂಸ್ಥೆಯ ಪರವಾಗಿ ಸಲ್ಲಿಸಲು ಯಾರಿಗೆ ಅಧಿಕಾರ ಎಂಬುದನ್ನು ಸ್ಯಾಮ್‌ನಲ್ಲಿ ಹೆಸರಿಸಿದ "ಇ-ಬಿಝ್" ವ್ಯಕ್ತಿ ಕೊಡಬೇಕು. ಆ ವ್ಯಕ್ತಿ ಕೆಲಸ ಬಿಟ್ಟುಹೋಗಿದ್ದರೆ ಗಡುವಿನ ದಿನ ಬೀಗದ ಕೈ ಯಾರ ಬಳಿಯೂ ಇರುವುದಿಲ್ಲ. ಗಡುವು ಸಾಮಾನ್ಯವಾಗಿ ಪೂರ್ವ ತೀರದ ಸಮಯ ರಾತ್ರಿ 11:59, ಅಂದರೆ ಕ್ಯಾಲಿಫೋರ್ನಿಯಾದಲ್ಲಿ 8:59. ಇನ್ನೊಂದು ಸಣ್ಣ ಮುಳ್ಳು: ಲಗತ್ತಿಸುವ ಕಡತದ ಹೆಸರಿನಲ್ಲಿ ಸ್ಪ್ಯಾನಿಷ್‌ನ ಚಿಹ್ನೆಯಿರುವ ಅಕ್ಷರಗಳು, ಉದಾಹರಣೆಗೆ "ನಿನ್ಯೋಸ್" ಪದದಲ್ಲಿ ತಲೆಯ ಮೇಲೆ ಅಲೆಗೆರೆ ಹೊತ್ತ "ಎನ್", ಇದ್ದರೆ ಅರ್ಜಿ ತಿರಸ್ಕೃತವಾಗಬಹುದು. ಕಡತದ ಹೆಸರು 50 ಅಕ್ಷರದೊಳಗೆ, ಬರೀ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳಲ್ಲಿ ಇರಲಿ.

ಒಂದು ಫೌಂಡೇಶನ್ ನಮ್ಮಂಥವರಿಗೆ ಕೊಡುತ್ತದೋ ಇಲ್ಲವೋ ಮೊದಲೇ ತಿಳಿಯುವುದು ಹೇಗೆ?

ಅದರ ಜಾಲತಾಣ ಹೇಳುವುದನ್ನು ಬದಿಗಿಟ್ಟು, ಐಆರ್‌ಎಸ್‌ಗೆ ಅದು ಸಲ್ಲಿಸುವ ಫಾರ್ಮ್ 990-ಪಿಎಫ್ ತೆಗೆಯಿರಿ. ಪ್ರೊಪಬ್ಲಿಕಾದ ನಾನ್‌ಪ್ರಾಫಿಟ್ ಎಕ್ಸ್‌ಪ್ಲೋರರ್‌ನಲ್ಲಿ ಉಚಿತ. ಆ ವರ್ಷ ಯಾರಿಗೆ ಎಷ್ಟು ಕೊಟ್ಟರು ಎಂಬ ಪೂರ್ತಿ ಪಟ್ಟಿ ಅದರಲ್ಲಿದೆ. ನಿಮ್ಮ ಕೌಂಟಿಯವರು ಎಷ್ಟು ಮಂದಿ, ಅತಿ ಸಣ್ಣ ಮೊತ್ತ ಎಷ್ಟು, ಹೊಸಬರಿಗೆ ಕೊಟ್ಟಿದ್ದಾರಾ ಅಥವಾ ಪ್ರತಿ ವರ್ಷ ಅದೇ ಹನ್ನೆರಡು ಹೆಸರುಗಳಾ ಎಂದು 3 ವರ್ಷದ ಪಟ್ಟಿ ಪಕ್ಕಪಕ್ಕ ಇಟ್ಟು ನೋಡಿ. "ಮೊದಲೇ ಆಯ್ಕೆಮಾಡಿದ ಸಂಸ್ಥೆಗಳಿಗೆ ಮಾತ್ರ ಕೊಡುತ್ತೇವೆ" ಎಂಬ ಚೌಕದಲ್ಲಿ ಗುರುತು ಹಾಕಿದ್ದರೆ ಅರ್ಜಿ ಬರೆಯುವ ಶ್ರಮ ಬೇಡ. ಆದರೆ ಅದೇ ಫಾರ್ಮಿನಲ್ಲಿ ಟ್ರಸ್ಟಿಗಳ ಹೆಸರುಗಳೂ ಇರುತ್ತವೆ. ನಿಮ್ಮ ಮಂಡಳಿಯಲ್ಲಿ ಯಾರಿಗಾದರೂ ಅವರ ಪರಿಚಯ ಇದೆಯೇ ಎಂದು ಒಂದು ಸಭೆಯಲ್ಲಿ ಓದಿ ಹೇಳಿ.

ಖಾಸಗಿ ಫೌಂಡೇಶನ್‌ಗಳು ಸ್ಥೂಲವಾಗಿ ತಮ್ಮ ಹೂಡಿಕೆ ಆಸ್ತಿಯ ಶೇ. 5ರಷ್ಟನ್ನು ವರ್ಷಕ್ಕೆ ದತ್ತಿ ಕೆಲಸಕ್ಕೆ ಬಳಸಬೇಕು. ಆಸ್ತಿ 20 ಲಕ್ಷ ಡಾಲರ್ ಇರುವ ಕುಟುಂಬ ಫೌಂಡೇಶನ್ ವರ್ಷಕ್ಕೆ ಒಂದು ಲಕ್ಷ ಹಂಚುತ್ತದೆ ಎಂದು ಇಟ್ಟುಕೊಳ್ಳಿ. ಅವರನ್ನು 75,000 ಕೇಳುವುದು ಅಸಂಬದ್ಧ.

ಅಗತ್ಯವನ್ನು ತೋರಿಸಲು ಯಾವ ಅಂಕಿ-ಅಂಶ?

ಜನಗಣತಿ ಬ್ಯೂರೋದ ಅಮೆರಿಕನ್ ಕಮ್ಯುನಿಟಿ ಸರ್ವೆ. ಸಣ್ಣ ಊರು, ಬಡಾವಣೆಗಳಿಗೆ 5 ವರ್ಷದ ಸರಾಸರಿಯನ್ನೇ ಬಳಸಿ, 1 ವರ್ಷದ್ದು ದೊಡ್ಡ ಊರುಗಳಿಗೆ ಮಾತ್ರ ಸಿಗುತ್ತದೆ. ಬಿ03001 ಕೋಷ್ಟಕದಲ್ಲಿ ಯಾವ ದೇಶದ ಮೂಲದವರು ಎಷ್ಟು ಎಂಬುದಿದೆ. ಸಿ16002ರಲ್ಲಿ ಇಂಗ್ಲಿಷ್ ಅಷ್ಟಾಗಿ ಬಾರದ ಮನೆಗಳ ಲೆಕ್ಕವಿದೆ. "ಮಾರ್ಜಿನ್ ಆಫ್ ಎರರ್" ಕಾಲಂ ನೋಡದೆ ಸಂಖ್ಯೆ ಎತ್ತಬೇಡಿ. 120 ಮನೆಗಳು, ತಪ್ಪಿನ ಅಂಚು 95 ಎಂದಿದ್ದರೆ ಆ ಸಂಖ್ಯೆಗೆ ಬೆಲೆಯಿಲ್ಲ.

"ನಮ್ಮ ಊರಿನಲ್ಲಿ ಲೆಕ್ಕಕ್ಕಿಂತ ಹೆಚ್ಚು ಜನ ಇದ್ದಾರೆ" ಎಂದು ಬರೆಯುವವರಿಗೆ ಅಧಿಕೃತ ಆಧಾರವೇ ಇದೆ. 2020ರ ಗಣತಿಯಲ್ಲಿ ಹಿಸ್ಪ್ಯಾನಿಕ್ ಜನರನ್ನು ಶೇ. 4.99ರಷ್ಟು ಕಡಿಮೆ ಎಣಿಸಲಾಗಿದೆ ಎಂದು ಬ್ಯೂರೋ ತಾನೇ ನಂತರದ ಸಮೀಕ್ಷೆಯಲ್ಲಿ ಒಪ್ಪಿಕೊಂಡಿದೆ. ಶಾಲಾ ಜಿಲ್ಲೆಯ ಇಂಗ್ಲಿಷ್ ಕಲಿಯುವ ಮಕ್ಕಳ ಪಟ್ಟಿಯನ್ನೂ ಜೊತೆಗಿಟ್ಟರೆ ವಾದ ಗಟ್ಟಿ.

ದೇಶದ ಸರಾಸರಿಗಳನ್ನು ಮೂರು ಪುಟ ತುಂಬುವುದು ಬಹುಸಾಮಾನ್ಯ ತಪ್ಪು. ಓದುವವರಿಗೆ ಅದು ಗೊತ್ತಿದೆ. ನಿಮ್ಮ ಕಾಯುವ ಪಟ್ಟಿಯಲ್ಲಿ ಎಷ್ಟು ಹೆಸರುಗಳಿವೆ ಎಂಬುದು ಗೊತ್ತಿಲ್ಲ.

ಎಲ್ಲವನ್ನೂ ಸ್ಪ್ಯಾನಿಷ್‌ಗೆ ಅನುವಾದಿಸಿದರೆ ಸಾಕಲ್ಲವೇ?

ಕರ್ನಾಟಕದವರೆಲ್ಲರ ಮನೆಮಾತೂ ಕನ್ನಡವೇ ಎಂದುಕೊಂಡು ತುಳು, ಕೊಂಕಣಿ, ಲಂಬಾಣಿ, ಬ್ಯಾರಿಯವರನ್ನು ಮರೆತಂತೆ ಆಗುತ್ತದೆ. ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ದುಡಿಯುವವರಲ್ಲಿ ಮೆಕ್ಸಿಕೋದ ವಹಾಕಾ ಪ್ರಾಂತ್ಯದಿಂದ ಬಂದ ಮಿಸ್ತೆಕೊ, ಸಾಪೊತೆಕೊ ಭಾಷಿಕರು ಬಹಳ. ಗ್ವಾಟೆಮಾಲಾದಿಂದ ಬಂದವರಲ್ಲಿ ಮಾಮ್, ಕಿಚೆ ಭಾಷಿಕರಿದ್ದಾರೆ. ಕೆಲವರಿಗೆ ಸ್ಪ್ಯಾನಿಷ್ ಎರಡನೆಯ ಭಾಷೆ, ಕೆಲವರಿಗೆ ಬರುವುದೇ ಇಲ್ಲ. ಈ ಭಾಷೆಗಳಲ್ಲಿ ಕರಪತ್ರ ಅಚ್ಚು ಹಾಕಿಸುವುದಕ್ಕಿಂತ ದನಿಮುದ್ರಣ, ವಾಟ್ಸ್ಯಾಪ್ ಧ್ವನಿಸಂದೇಶ ಮತ್ತು ದುಭಾಷಿಗಳಿಗೆ ಹಣ ಇಡುವುದು ಉಪಯುಕ್ತ, ಏಕೆಂದರೆ ತಮ್ಮ ಮನೆಮಾತನ್ನು ಓದಲು ಕಲಿತವರು ಕಡಿಮೆ. ಮಾಮ್‌ನಿಂದ ಸ್ಪ್ಯಾನಿಷ್‌ಗೆ, ಅಲ್ಲಿಂದ ಇಂಗ್ಲಿಷ್‌ಗೆ ಎರಡು ಹಂತದ ಅನುವಾದ ಬೇಕಾದಾಗ ಖರ್ಚೂ ಸಮಯವೂ ದುಪ್ಪಟ್ಟು. ಬಜೆಟ್ಟಿನಲ್ಲಿ ಅದನ್ನು ಬಿಟ್ಟುಬಿಟ್ಟರೆ ವರ್ಷದ ನಡುವೆ ಸಿಕ್ಕಿಬೀಳುತ್ತೀರಿ.

ಬಜೆಟ್ ಹೇಗೆ ಕಟ್ಟಬೇಕು?

ಅರ್ಜಿಯಲ್ಲಿ ಜಾಸ್ತಿ ತಪ್ಪುವುದು ಇಲ್ಲೇ. ಒಂದು ಲೆಕ್ಕ ಮಾಡಿ ನೋಡೋಣ. ಬಡಾವಣೆಯ ಮನೆಮನೆಗೆ ಹೋಗಿ ಆರೋಗ್ಯದ ಮಾತು ಹೇಳುವ ಕಾರ್ಯಕರ್ತೆಯರನ್ನು ಸ್ಪ್ಯಾನಿಷ್‌ನಲ್ಲಿ "ಪ್ರೊಮೊತೋರಾ" ಎನ್ನುತ್ತಾರೆ, ನಮ್ಮ ಆಶಾ ಕಾರ್ಯಕರ್ತೆಯರ ಹಾಗೆ. ಇಂಥ ಇಬ್ಬರನ್ನು ಪೂರ್ಣಾವಧಿಗೆ ಇಟ್ಟುಕೊಳ್ಳುವ ಒಂದು ವರ್ಷದ ಯೋಜನೆ ಎನ್ನಿ.

ಗಂಟೆಗೆ 24 ಡಾಲರ್, ವರ್ಷಕ್ಕೆ 2,080 ಗಂಟೆ, ಇಬ್ಬರಿಗೆ 99,840. ಮೇಲ್ವಿಚಾರಕಿಯ ಸಂಬಳ 68,000, ಆಕೆಯ ಸಮಯದ ಕಾಲುಭಾಗ ಈ ಯೋಜನೆಗೆ, ಅಂದರೆ 17,000. ಸಂಬಳದ ಒಟ್ಟು 1,16,840. ಇದರ ಮೇಲೆ ತೆರಿಗೆ, ವಿಮೆ, ರಜೆಯಂಥ ಫ್ರಿಂಜ್ ಶೇ. 22 ಎಂದು ಹಿಡಿದರೆ 25,705. ಓಡಾಟ 4,000 ಮೈಲಿ, 2025ರ ಐಆರ್‌ಎಸ್ ದರ 70 ಸೆಂಟ್‌ನಂತೆ 2,800. ಮುದ್ರಣ ಮತ್ತು ದುಭಾಷಿ 6,000. ಸಂಜೆಯ 30 ತರಗತಿಗಳಿಗೆ ಮಕ್ಕಳ ಆರೈಕೆ, ಊಟ ತಲಾ 150ರಂತೆ 4,500. ಎರಡು ಫೋನ್, ತಿಂಗಳಿಗೆ ತಲಾ 50ರಂತೆ 1,200. ನೇರ ವೆಚ್ಚ 1,57,045. ಕಚೇರಿ, ಲೆಕ್ಕಪತ್ರ, ವಿಮೆಗಳ ಪರೋಕ್ಷ ವೆಚ್ಚ ಶೇ. 15ರಂತೆ 23,557. ಒಟ್ಟು 1,80,602 ಡಾಲರ್.

ಫ್ರಿಂಜ್ ಮತ್ತು ಪರೋಕ್ಷ ವೆಚ್ಚ ಮರೆತವರ ಬಜೆಟ್ 1,31,340ಕ್ಕೆ ನಿಲ್ಲುತ್ತಿತ್ತು. ಅನುದಾನ ಸಿಕ್ಕರೂ 49,262 ಡಾಲರ್ ಸಂಸ್ಥೆಯ ಕೈಯಿಂದ ಹೋಗಬೇಕು. "ಗ್ರಾಂಟ್ ಸಿಕ್ಕಿ ಮುಳುಗಿದರು" ಎಂಬ ಮಾತು ತಮಾಷೆಯಲ್ಲ.

ಊಟದ ಸಾಲು ಫೌಂಡೇಶನ್ ಬಜೆಟ್ಟಿನಲ್ಲಿ ನಡೆಯುತ್ತದೆ. ಫೆಡರಲ್ ಹಣದಲ್ಲಿ ಹಲವು ಇಲಾಖೆಗಳು ಒಪ್ಪುವುದಿಲ್ಲ, ಮೊದಲೇ ಕೇಳಿ. ಮಕ್ಕಳ ಆರೈಕೆಯನ್ನು ಮಾತ್ರ ಉಳಿತಾಯದ ಹೆಸರಲ್ಲಿ ಕತ್ತರಿಸಬೇಡಿ. ಅದಿಲ್ಲದೆ ಸಂಜೆಯ ತರಗತಿಗೆ ತಾಯಂದಿರು ಬರುವುದಿಲ್ಲ, ಹಾಜರಾತಿ ಕುಸಿದರೆ ಮುಂದಿನ ವರ್ಷದ ಹಣವೂ ಹೋಗುತ್ತದೆ.

ಪರೋಕ್ಷ ವೆಚ್ಚ ಶೇ. 15 ಎಲ್ಲರೂ ಕೊಡುತ್ತಾರೆಯೇ?

ತಮ್ಮದೇ ದರ ಗೊತ್ತುಪಡಿಸಿಕೊಳ್ಳದ ಸಂಸ್ಥೆಗಳು ಫೆಡರಲ್ ಅನುದಾನದಲ್ಲಿ ಶೇ. 15ರವರೆಗೆ ಕೇಳಬಹುದು. 2024ರ ಅಕ್ಟೋಬರ್ 1ಕ್ಕೆ ಮೊದಲು ಅದು ಶೇ. 10 ಇತ್ತು. ಆದರೆ ಇಡೀ ಮೊತ್ತದ ಮೇಲಲ್ಲ. ಬಾಡಿಗೆ, 10,000 ಡಾಲರ್ ಅಥವಾ ಮೇಲಿನ ಉಪಕರಣ, ತರಬೇತಿಗೆ ಬರುವವರಿಗೆ ಕೊಡುವ ಭತ್ಯೆ, ಪ್ರತಿ ಉಪ-ಅನುದಾನದ ಮೊದಲ 50,000 ದಾಟಿದ ಭಾಗ ಇವನ್ನು ಕಳೆದು ಉಳಿದದ್ದರ ಮೇಲೆ. ನಗರಸಭೆಯ ಮೂಲಕ ಬಂದ ಫೆಡರಲ್ ಹಣಕ್ಕೂ ಇದೇ ನಿಯಮ. ಕೆಲವು ನಗರದ ಅಧಿಕಾರಿಗಳಿಗೇ ಇದು ತಿಳಿದಿರುವುದಿಲ್ಲ, 2 ಸಿಎಫ್‌ಆರ್ 200.414 ಎಂಬ ಫೆಡರಲ್ ನಿಯಮ ತೋರಿಸಿ. ಖಾಸಗಿ ಫೌಂಡೇಶನ್‌ಗಳು ಎಷ್ಟು ಕೊಡುವುದು ಅವರ ಇಷ್ಟ. ಅವರು ಶೇ. 10 ಎಂದರೆ ಲೆಕ್ಕಿಗರ ಸಂಬಳದ ಪಾಲನ್ನು ನೇರ ವೆಚ್ಚದ ಸಾಲಾಗಿ ಬರೆಯಿರಿ. ಅದು ನಿಜವಾಗಿ ಯೋಜನೆಯ ಕೆಲಸವೇ ಆಗಿರಬೇಕು, ಒಂದೇ ಖರ್ಚು ಎರಡು ಕಡೆ ಬರಬಾರದು.

ಮಂಜೂರಾತಿ ಪತ್ರ ಬಂತು, ಹಣ ಬರಲಿಲ್ಲ. ಏಕೆ?

ಸರ್ಕಾರಿ ಹಣ ಹೆಚ್ಚಾಗಿ ಖರ್ಚಿನ ನಂತರ ಬರುತ್ತದೆ. ನೀವು ಸಂಬಳ ಕೊಟ್ಟು, ರಸೀದಿ ಕೊಟ್ಟು, ಆಮೇಲೆ 30ರಿಂದ 90 ದಿನ ಕಾಯಬೇಕು. ಕರಾರಿಗೆ ಸಹಿಯೇ ತಡವಾದರೆ ಇನ್ನೂ ದೂರ. ಕರಾರಿಗೆ ಮುಂಚಿನ ಖರ್ಚು ಲಿಖಿತ ಒಪ್ಪಿಗೆ ಇಲ್ಲದೆ ವಾಪಸ್ ಬಾರದು. ಹಾಗಾಗಿ ಕನಿಷ್ಠ 3 ತಿಂಗಳ ಸಂಬಳ ಕೈಯಲ್ಲಿ, ಅಥವಾ ಬ್ಯಾಂಕಿನ ಲೈನ್ ಆಫ್ ಕ್ರೆಡಿಟ್, ಅಥವಾ ನಾನ್‌ಪ್ರಾಫಿಟ್ ಫೈನಾನ್ಸ್ ಫಂಡ್‌ನಂಥವರ ಸೇತುಸಾಲ ಇಲ್ಲದೆ ದೊಡ್ಡ ಸರ್ಕಾರಿ ಅನುದಾನಕ್ಕೆ ಕೈ ಹಾಕಬೇಡಿ. ಸಾಲದ ಬಡ್ಡಿಯನ್ನು ಅನುದಾನದಿಂದ ಕಟ್ಟಲು ಸಾಮಾನ್ಯವಾಗಿ ಬಿಡುವುದಿಲ್ಲ.

ಬರುವವರ ವಲಸೆ ದಾಖಲೆ ಕೇಳಲೇಬೇಕೇ?

1996ರ ಕಲ್ಯಾಣ ಕಾನೂನು ಕೆಲವು ಫೆಡರಲ್ ಸೌಲಭ್ಯಗಳನ್ನು ದಾಖಲೆ ಇಲ್ಲದವರಿಗೆ ನಿರಾಕರಿಸುತ್ತದೆ. ಅದೇ ಕಾನೂನು, ಲಾಭರಹಿತ ದತ್ತಿ ಸಂಸ್ಥೆಗಳು ಯಾರ ಅರ್ಹತೆಯನ್ನೂ ಪರಿಶೀಲಿಸಬೇಕಾಗಿಲ್ಲ ಎಂಬ ವಿನಾಯಿತಿಯನ್ನೂ ಇಟ್ಟಿದೆ. 2025ರ ಜುಲೈನಲ್ಲಿ ಹಲವು ಇಲಾಖೆಗಳು ಈ "ಸೌಲಭ್ಯ"ಗಳ ವ್ಯಾಪ್ತಿಯನ್ನು ಹಿಗ್ಗಿಸಿದವು, ಹೆಡ್ ಸ್ಟಾರ್ಟ್ ಕೂಡ ಸೇರಿತು, ಹಲವು ರಾಜ್ಯಗಳು ಕೋರ್ಟಿಗೆ ಹೋದವು. ಆದ್ದರಿಂದ ಪ್ರತಿ ಫೆಡರಲ್ ಕರಾರಿನ ಷರತ್ತುಗಳನ್ನು ಸಹಿಗೆ ಮುನ್ನ ವಕೀಲರಿಗೆ ತೋರಿಸಿ. ಖಾಸಗಿ ಹಣದಲ್ಲಿ ನಡೆಯುವ ಕೆಲಸಕ್ಕೆ ಈ ನಿಯಮವಿಲ್ಲ.

ಅಗತ್ಯವಿಲ್ಲದ ಮಾಹಿತಿ ಸಂಗ್ರಹಿಸಬೇಡಿ. ನೋಂದಣಿ ಚೀಟಿಯಲ್ಲಿ ಹುಟ್ಟಿದ ದೇಶ, ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ ಏಕೆ ಕೇಳುತ್ತಿದ್ದೀರಿ ಎಂಬುದಕ್ಕೆ ಉತ್ತರ ಇಲ್ಲದಿದ್ದರೆ ಆ ಸಾಲು ತೆಗೆಯಿರಿ. ವರದಿಯಲ್ಲಿ ಒಟ್ಟು ಸಂಖ್ಯೆ ಕೊಡಿ, ಹೆಸರುಗಳನ್ನಲ್ಲ.

"ಲ್ಯಾಟಿನೊಗಳಿಗೆ ಮಾತ್ರ" ಎಂದು ಬರೆಯಬಹುದೇ?

ಬೇಡ. ಕಪ್ಪು ಮಹಿಳೆಯರ ವ್ಯಾಪಾರಗಳಿಗೆ ಮಾತ್ರ ಅನುದಾನ ಕೊಡುತ್ತಿದ್ದ ಅಟ್ಲಾಂಟಾದ ಫಿಯರ್‌ಲೆಸ್ ಫಂಡ್ ವಿರುದ್ಧ 1866ರ ನಾಗರಿಕ ಹಕ್ಕು ಕಾನೂನಿನಡಿ ದಾವೆ ಹೂಡಲಾಯಿತು. 2024ರ ಜೂನ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಆ ಅನುದಾನವನ್ನು ತಡೆಯಿತು, ಸೆಪ್ಟೆಂಬರ್‌ನಲ್ಲಿ ರಾಜಿಯಾಗಿ ಆ ಅನುದಾನ ನಿಂತಿತು. 2025ರ ಜನವರಿ 21ರ ಅಧ್ಯಕ್ಷೀಯ ಆದೇಶ 14173ರ ಪ್ರಕಾರ ಫೆಡರಲ್ ಅನುದಾನ ಪಡೆಯುವವರು ತಮ್ಮಲ್ಲಿ ಕಾನೂನುಬಾಹಿರ ವೈವಿಧ್ಯ ಕಾರ್ಯಕ್ರಮಗಳಿಲ್ಲ ಎಂದು ದೃಢೀಕರಿಸಬೇಕು, ಸುಳ್ಳಾದರೆ ಫಾಲ್ಸ್ ಕ್ಲೇಮ್ಸ್ ಕಾಯ್ದೆಯ ಕತ್ತಿ. ಸೇವೆ ಎಲ್ಲರಿಗೂ ತೆರೆದಿರಲಿ. ಗುರಿಯನ್ನು ಜಾಗ, ಭಾಷೆ, ಆದಾಯ, ವೃತ್ತಿಗಳಲ್ಲಿ ಹೇಳಿ: "ಈ ಮೂರು ಪಿನ್‌ಕೋಡ್‌ಗಳ ಬಾಡಿಗೆ ಮನೆಗಳಲ್ಲಿರುವ, ಸ್ಪ್ಯಾನಿಷ್ ಅಥವಾ ಮಿಸ್ತೆಕೊದಲ್ಲಿ ಸೇವೆ ಬೇಕಾದ ಕೃಷಿ ಕಾರ್ಮಿಕ ಕುಟುಂಬಗಳು, ಬರುವ ಯಾರಿಗೂ ಬಾಗಿಲು ತೆರೆದಿದೆ." ಇದು ಬರೀ ಕಾನೂನಿಗೆ ಹೆದರಿ ಆಡುವ ಮಾತಲ್ಲ. ಹೀಗೆ ಬರೆದಾಗ ಅಗತ್ಯ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಆದರೂ ಸಂಸ್ಥೆಯ ಹೆಸರಿನಿಂದ, ಇತಿಹಾಸದಿಂದ "ಲ್ಯಾಟಿನೊ" ಪದ ಅಳಿಸುವ ಅಗತ್ಯವೇನೂ ಇಲ್ಲ.

ಶಾಸಕರ ಬಳಿ ಹೋಗಿ ಕಾನೂನಿನ ಪರ ಮಾತಾಡಿದರೆ ಅನುದಾನ ಹೋಗುತ್ತದೆಯೇ?

ಅಭ್ಯರ್ಥಿಯ ಪರ-ವಿರೋಧ ಪ್ರಚಾರ ಪೂರ್ತಿ ನಿಷಿದ್ಧ. ಮಸೂದೆಯ ಪರ ಲಾಬಿ ಮಿತಿಯೊಳಗೆ ಸರಿ. ಒಂದು ಪುಟದ ಫಾರ್ಮ್ 5768 ಹಾಕಿದರೆ ಮಿತಿ ಸ್ಪಷ್ಟವಾಗುತ್ತದೆ: ಮೊದಲ 5 ಲಕ್ಷ ಡಾಲರ್ ವೆಚ್ಚದ ಶೇ. 20ರವರೆಗೆ. ಫೆಡರಲ್ ಅನುದಾನದ ಒಂದು ಡಾಲರ್ ಕೂಡ ಅದಕ್ಕೆ ಬಳಸಬಾರದು, ಸಮಯದ ಲೆಕ್ಕ ಬೇರೆ ಇಡಿ.

ಅರ್ಜಿ ಬರೆದುಕೊಡುವವರು ಶೇ. 10 ಕಮಿಷನ್ ಕೇಳುತ್ತಿದ್ದಾರೆ.

ಕೊಡಬೇಡಿ. ಗ್ರಾಂಟ್ ಬರಹಗಾರರ ವೃತ್ತಿಸಂಘಗಳ ನೀತಿಸಂಹಿತೆಯೇ ಕಮಿಷನ್ ಒಪ್ಪುವುದಿಲ್ಲ, ಅನುದಾನದ ಹಣದಿಂದ ಅದನ್ನು ಕಟ್ಟಲೂ ಬರುವುದಿಲ್ಲ. ಗಂಟೆಯ ಅಥವಾ ಅರ್ಜಿಯ ನಿಗದಿತ ದರ ಮಾತಾಡಿ.

ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಸಹಾಯ ಮಾಡಬಹುದೇ?

ಸ್ವಯಂಸೇವೆ ಮಾಡಬಹುದು, ಅದು ಬೇರೊಬ್ಬರಿಗೆ ಸಂಬಳ ಕೊಟ್ಟು ಮಾಡಿಸುವ ಹುದ್ದೆಯ ಕೆಲಸ ಆಗಿರಬಾರದು. ಸ್ಟೈಪೆಂಡ್, ಗಿಫ್ಟ್ ಕಾರ್ಡ್ ಯಾವುದೂ ಬೇಡ. ಸಂದೇಹವಿದ್ದರೆ ನಿಮ್ಮ ವಲಸೆ ವಕೀಲರನ್ನು ಕೇಳಿ. ನಿಮ್ಮಿಂದ ಆಗುವ ದೊಡ್ಡ ಸಹಾಯ ಇನ್ನೊಂದಿದೆ. ಹಲವು ಟೆಕ್ ಕಂಪನಿಗಳು ನೌಕರರು ಕೊಟ್ಟ ದೇಣಿಗೆಗೆ ಸರಿಸಮ ಹಣ ಸೇರಿಸುತ್ತವೆ, ಕೆಲವು ಸ್ವಯಂಸೇವೆಯ ಗಂಟೆಗಳಿಗೂ ಸಂಸ್ಥೆಗೆ ಹಣ ಕೊಡುತ್ತವೆ. ಸಂಸ್ಥೆ ಬೆನೆವಿಟಿಯಂಥ ವೇದಿಕೆಯಲ್ಲಿ ಪರಿಶೀಲನೆಗೊಂಡಿರಬೇಕು ಅಷ್ಟೆ. ಅದು ಷರತ್ತಿಲ್ಲದ ಹಣ, ಬಾಡಿಗೆ ಕಟ್ಟಲೂ ಆಗುತ್ತದೆ.

ತಿರಸ್ಕಾರದ ಪತ್ರ ಬಂತು. ಮುಂದೆ?

ಎರಡು ದಿನ ಬಿಟ್ಟು ಪ್ರೋಗ್ರಾಂ ಆಫೀಸರ್‌ಗೆ ಧನ್ಯವಾದ ಬರೆದು, 15 ನಿಮಿಷ ಮಾತಿಗೆ ಸಮಯ ಕೇಳಿ. ಫೆಡರಲ್ ಅರ್ಜಿಯಾಗಿದ್ದರೆ ವಿಮರ್ಶಕರ ಅಂಕ ಮತ್ತು ಟಿಪ್ಪಣಿಗಳನ್ನು ಬರಹದಲ್ಲಿ ಕೇಳಿ ಪಡೆಯಿರಿ. "ಹಣ ಸಾಲಲಿಲ್ಲ" ಎಂದರೆ ಮುಂದಿನ ಸುತ್ತಿಗೆ ಮತ್ತೆ ಹಾಕಿ. "ನಮ್ಮ ಕ್ಷೇತ್ರಕ್ಕೆ ಹೊಂದುವುದಿಲ್ಲ" ಎಂದರೆ ಆ ಹೆಸರಿನ ಮೇಲೆ ಗೆರೆ ಎಳೆಯಿರಿ. ಅದೇ ಬರಹವನ್ನು ಫೌಂಡೇಶನ್ ಹೆಸರು ಮಾತ್ರ ಬದಲಿಸಿ ಇನ್ನೊಬ್ಬರಿಗೆ ಕಳಿಸುವಾಗ, ಐದನೇ ಪುಟದಲ್ಲಿ ಹಳೆಯ ಹೆಸರು ಉಳಿದಿಲ್ಲ ಎಂದು ಒಮ್ಮೆ ಹುಡುಕಿ ನೋಡಿ.

ಆಡಿಟ್ ಯಾವಾಗ ಬೇಕು?

ಒಂದು ಲೆಕ್ಕವರ್ಷದಲ್ಲಿ 10 ಲಕ್ಷ ಡಾಲರ್ ಅಥವಾ ಹೆಚ್ಚು ಫೆಡರಲ್ ಹಣ ಖರ್ಚು ಮಾಡಿದರೆ ಸಿಂಗಲ್ ಆಡಿಟ್ ಕಡ್ಡಾಯ. ಮೊದಲು ಈ ಗಡಿ 7.5 ಲಕ್ಷ ಇತ್ತು, 2024ರ ಅಕ್ಟೋಬರ್ 1 ಅಥವಾ ನಂತರ ಶುರುವಾದ ಲೆಕ್ಕವರ್ಷಗಳಿಗೆ ಹೊಸದು. ರಾಜ್ಯಗಳ ಗಡಿ ಬೇರೆ: ಕ್ಯಾಲಿಫೋರ್ನಿಯಾದಲ್ಲಿ ಸರ್ಕಾರಿ ಅನುದಾನ ಬಿಟ್ಟು ವಾರ್ಷಿಕ ಆದಾಯ 20 ಲಕ್ಷ ಮುಟ್ಟಿದರೆ ಆಡಿಟ್ ಬೇಕು. ಗಡಿಯೊಳಗಿದ್ದವರೂ ಷರತ್ತಿರುವ ಹಣವನ್ನು ಲೆಕ್ಕಪುಸ್ತಕದಲ್ಲಿ ಬೇರೆ ಕೋಡ್ ಕೊಟ್ಟು ಇಡಲೇಬೇಕು. ಕ್ವಿಕ್‌ಬುಕ್ಸ್‌ನಲ್ಲಿ ಪ್ರತಿ ಅನುದಾನಕ್ಕೊಂದು "ಕ್ಲಾಸ್" ಸಾಕು. ಇಬ್ಬರು ಅನುದಾನದಾರರಿಗೆ ಒಂದೇ ಸಂಬಳದ ಚೀಟಿ ತೋರಿಸಿದ್ದು ಸಿಕ್ಕಿಬಿದ್ದರೆ ಹಣ ವಾಪಸ್ ಕೊಡಬೇಕಾಗುತ್ತದೆ, ಆ ಊರಿನ ಉಳಿದ ಅನುದಾನದಾರರಿಗೂ ಸುದ್ದಿ ಮುಟ್ಟುತ್ತದೆ.